ವರ್ಷೋದಕದ ಸಾಹೇಬರು

ನಮ್ಮ ಹಳೆಯ ಸಾಹೇಬರು ತೀರಿಕೊಂಡ ಮೇಲೆ ಬೆಳಗಾವಿಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಕಚೇರಿಯ ಹಳಬರೆಲ್ಲ ಸೇರಿದ್ದರು. ಮಾತಾಡಲು ಎದ್ದವರೆಲ್ಲ ಒಂದೇ ಮಾತು ಹೇಳಿದರು: ಅಂಥವರು ಮತ್ತೆ ಹುಟ್ಟುವುದಿಲ್ಲ. ಹಾಗೇ ಆಗಲಿ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡೋಣವೆಂದರೆ ಅವರು ಸಾಹೇಬರು, ನಾನು ಅವರ ಕೈಕೆಳಗಿನ ಕನ್ನಡ ಟೈಪಿಸ್ಟ್. ಹಾಗಾದರೆ ಇಂಥವರ ಬಗ್ಗೆ ಖರೇ ಮಾತು ಆಡುವುದಾದರೂ ಯಾವಾಗ? ನನಗೂ ಈಗ ವಯಸ್ಸಾಯಿತು. ಆಡಿಯೇ ಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಊರಿನ ಮಳೆನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳುವ ಇಂಜಿನಿಯರರಾಗಿ ಅವರು ನಮ್ಮ ಕಚೇರಿಗೆ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪ್ಯಾಂಟು, ಹಣೆಗೆ ಅಚ್ಚುಕಟ್ಟಾದ ವಿಭೂತಿ, ಮೈಗೆ ಸುಗಂಧದ ಎಣ್ಣೆಯ ವಾಸನೆ. ನೆಲ ನೋಡಿ ನಡೆಯುವುದು ಅವರಿಗೆ ಗೊತ್ತೇ ಇರಲಿಲ್ಲ. ಮಳೆನೀರಿನ ಇಂಜಿನಿಯರ್ ನೆಲ ನೋಡದೆ ಮತ್ತೇನು ನೋಡುತ್ತಿದ್ದರು ಎಂದರೆ, ಎದುರಿಗಿದ್ದವರ ಬಾಯಿ. ಅಲ್ಲಿಂದ ಯಾವ ತಪ್ಪು ಶಬ್ದ ಬೀಳುತ್ತದೆ ಎಂದು ಕಾಯುತ್ತಿದ್ದರು.

ಯಾಕೆಂದರೆ ಅವರಿಗೆ ಹಿಡಿದದ್ದು ನೀರಿನ ಹುಚ್ಚಲ್ಲ, ನೀರಿನ ಹೆಸರುಗಳ ಹುಚ್ಚು. ಸರಕಾರದ ಕೆಲಸವೆಲ್ಲ ಕನ್ನಡದಲ್ಲಿ ಆಗಬೇಕೆಂದು ಆಗ ಆದೇಶದ ಮೇಲೆ ಆದೇಶ ಬರುತ್ತಿತ್ತು. ಆಗಬೇಕಾದದ್ದೇ. ಗಡಿಯ ಊರಿನವರಾದ ನಮಗೆ ಅದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಇವರು ಕನ್ನಡ ಮಾಡುತ್ತೇನೆಂದು ಹೊರಟು, ಕನ್ನಡದವರಿಗೂ ಮರಾಠಿಯವರಿಗೂ ಸಮನಾಗಿ ತಿಳಿಯದ ಒಂದು ಭಾಷೆ ಮಾಡಿಟ್ಟರು. ಮಳೆನೀರು ವರ್ಷೋದಕವಾಯಿತು. ಗಟಾರ ನಿಸ್ಸರಣಿಯಾಯಿತು. ನೀರು ತಡೆದು ನಿಲ್ಲಿಸುವ ಹೊಂಡ ವಿಲಂಬಕುಂಡವಾಯಿತು. ನೀರು ಭೂಮಿಗೆ ಇಳಿಯಲಿ ಎಂದು ತೋಡುವ ಗುಂಡಿಗೆ ಮಾತ್ರ ಯಾವ ದೇವರು ಬುದ್ಧಿ ಕೊಟ್ಟನೋ, ಇಂಗುಗುಂಡಿ ಎಂದು ಹೆಸರಿಟ್ಟರು. ಅದು ಒಳ್ಳೆಯ ಶಬ್ದ, ಒಪ್ಪುತ್ತೇನೆ. ಇದ್ದಷ್ಟು ದಿನದಲ್ಲಿ ಇಂಗುಗುಂಡಿ ಒಂದನ್ನೂ ತೋಡಿಸಲಿಲ್ಲ.

ಯಾರಾದರೂ 'ಗಟಾರ' ಎಂದರೆ ಮುಖಕ್ಕೆ ಅದೇ ಗಟಾರದ ನೀರು ಸಿಡಿದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಜೋರು ಮಳೆಯಲ್ಲಿ ನಮ್ಮ ಜವಾನ ಓಡಿಬಂದು ಬಾಗಿಲಲ್ಲೇ ಕೂಗಿದ.

"ಸಾಹೇಬ್ರ, ಗಟಾರ ತುಂಬೇತ್ರಿ! ನೀರ ಪಡಸಾಲಿಗಿ ಬರಾಕತ್ತೈತ್ರಿ!"

ಸಾಹೇಬರು ಕಣ್ಣು ಮುಚ್ಚಿದರು. "ಏನ್ ತುಂಬೇತಿ?"

"ಗಟಾರ್ರಿ."

"ಏನ್ ತುಂಬೇತಿ, ಸರಿಯಾಗಿ ಹೇಳು."

ಅವನು ತಲೆ ಕೆರೆದುಕೊಂಡ. 'ನಿಸರಾಣಿ' ಎಂದ, 'ನಿಸ್ಸಾರಿಣಿ' ಎಂದ. ಸಾಹೇಬರು ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿದರು. ಕೊನೆಗೆ ಅವನ ಬಾಯಿಂದ ಸರಿಯಾದ ಶಬ್ದ ಹೊರಬರುವ ಹೊತ್ತಿಗೆ ನೀರು ಪಡಸಾಲೆ ದಾಟಿ ಕೆಳಗಿನ ಕಪಾಟಿನ ಕಡತಗಳನ್ನೆಲ್ಲ ತೋಯಿಸಿತ್ತು. ಸಾಹೇಬರಿಗೆ ಬೇಸರವಾಗಲಿಲ್ಲ. "ಈಗ ಬರೋಬ್ಬರಿ ಅಂದಿ ನೋಡು," ಎಂದು ಅವನ ಬೆನ್ನು ತಟ್ಟಿದರು.

ಗುರುವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಶಬ್ದಗಳ ಸಭೆ ಸೇರುತ್ತಿತ್ತು. ನಿವೃತ್ತ ಪಂಡಿತರೊಬ್ಬರು, ಕಾಲೇಜಿನ ಮೇಷ್ಟ್ರೊಬ್ಬರು, ಬರೆದುಕೊಳ್ಳಲು ಅವರೆಲ್ಲ 'ಬಾಯಾರ' ಎಂದು ಕರೆಯುತ್ತಿದ್ದ ನಾನು. ಮಿರ್ಚಿ ಭಜಿ ಬರುತ್ತಿತ್ತು, ಚಹಾ ಬರುತ್ತಿತ್ತು, ಕೆಲವು ಸಲ ಸಿಹಿಗೆ ಕುಂದಾ ಕೂಡ ಬರುತ್ತಿತ್ತು. ಹೆಸರು ಗಟ್ಟಿಯಾಗುವತನಕ ವಸ್ತು ಗಟ್ಟಿಯಾಗುವುದಿಲ್ಲ ಎಂಬುದು ಸಾಹೇಬರ ಸಿದ್ಧಾಂತ. ಆದ್ದರಿಂದ ಹೆಸರು ತೀರ್ಮಾನವಾಗದ ಕೆಲಸಗಳೆಲ್ಲ ಮುಂದಕ್ಕೆ ಹೋಗುತ್ತಿದ್ದವು. ಭಜಿ ಮಾತ್ರ ಯಾವ ವಾರವೂ ಮುಂದಕ್ಕೆ ಹೋಗಲಿಲ್ಲ.

ಈ ಸಿದ್ಧಾಂತದ ಫಲವನ್ನು ಅವರೇ ಉಂಡದ್ದನ್ನು ನಾನು ಖಾನಾಪುರದಲ್ಲಿ ಕಣ್ಣಾರೆ ನೋಡಿದ್ದೇನೆ.

ಸಾಹೇಬರದು ಸವದತ್ತಿ ಕಡೆಯ ಬಿಸಿಲ ಸೀಮೆ. ಅಲ್ಲಿಯ ಮನೆಗಳಿಗೆ ಮಣ್ಣಿನ ಮಾಳಿಗೆಯೇ ಛಾವಣಿ. ಶ್ರಾವಣದಲ್ಲಿ ಅದರ ಮೇಲೆ ಒಂದಿಷ್ಟು ಹುಲ್ಲು ಚಿಗುರುತ್ತದೆ, ದಸರೆ ದಾಟುತ್ತಲೇ ಒಣಗುತ್ತದೆ. ಹೆಂಡತಿಯ ಊರು ಖಾನಾಪುರ. ಅಲ್ಲಿ ಮಾವ ಕೊಟ್ಟ ಜಾಗದಲ್ಲಿ ಸಾಹೇಬರು ಮನೆ ಕಟ್ಟಿಸಿದರು. ಖಾನಾಪುರದ ಮಳೆ ನೋಡಿದವರು ಯಾರೂ ಅಲ್ಲಿ ಹಂಚು ಬಿಟ್ಟು ಬೇರೆ ಹೊದಿಸುವುದಿಲ್ಲ. ಇವರು ಯಾವುದೋ ಪರದೇಶದ ಪತ್ರಿಕೆ ಓದಿ, ಅದಕ್ಕೆ ತಮ್ಮ ಅಜ್ಜನ ಮಾಳಿಗೆಯ ನೆನಪು ಬೆರೆಸಿ, ಸಿಮೆಂಟಿನ ಸ್ಲ್ಯಾಬಿನ ಮೇಲೆ ಮಣ್ಣು ಹೊರಿಸಿ ಹುಲ್ಲು ನೆಡಿಸಿದರು. ಅದರ ಹೆಸರು ಸಜೀವ ಛಾವಣಿ.

ಮನೆ ಮುಗಿದ ವರ್ಷದ ಮಳೆಗಾಲದಲ್ಲಿ ಅವರು ರಜೆಯ ಮೇಲೆ ಅಲ್ಲಿದ್ದಾಗ ಸಹಿ ಮಾಡಿಸಿಕೊಳ್ಳಲು ನಾನು ಕಾಗದ ಹಿಡಿದುಕೊಂಡು ಹೋದೆ. ಬಸ್ಸು ಪೀರನವಾಡಿ ದಾಟುತ್ತಲೇ ಹಿಡಿದ ಮಳೆ ಖಾನಾಪುರದಲ್ಲಿ ಇಳಿದಾಗಲೂ ಬಿಟ್ಟಿರಲಿಲ್ಲ. ಮನೆಯೊಳಗೆ ಕಾಲಿಟ್ಟೆ. ಒಳಗೂ ಮಳೆ. ಹೊರಗಿನದು ಬಿಳಿ, ಒಳಗಿನದು ಮಣ್ಣುಗೆಂಪು, ಅಷ್ಟೇ ಭೇದ. ನೀರು ಕಾಯಿಸುವ ಹಂಡೆ, ಕೊಡ, ಬೋಗುಣಿ, ಮಗ್ಗಲು ಮನೆಯಿಂದ ತಂದ ದೊಡ್ಡ ತಾಟಿನಂಥ ಪರಾತ, ಎಲ್ಲ ನೆಲದ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದವು. ಸಾಹೇಬರು ಸೋರದ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದರು.

"ಬರ್ರಿ ಬಾಯಾರ, ಕುಂದರ್ರಿ," ಎಂದರು. ಕುಂದರುವುದು ಎಲ್ಲಿ? "ಛಾವಣಿ ನೋಡಿದ್ರೇನು? ಮ್ಯಾಲೆ ಬೆಳೆಮಣ್ಣಿನ ಪದರ. ಅದರ ಕೆಳಗ ಸೋಸುಪದರ. ಅದರ ಕೆಳಗ ಬಸಿಪದರ. ಎಲ್ಲಾಕ್ಕಿಂತ ಕೆಳಗ ಬೇರುತಡೆ. ನಾಕೂ ಶಬ್ದ ನಾವ ಮಾಡಿದ್ದು."

ನೆತ್ತಿಯ ಮೇಲೆ ಹನಿ ಬಿತ್ತು. ನಾನು ಸರಿದು ನಿಂತು ಕೇಳಿದೆ, "ಸರ್, ನೀರು ಇಳೀಲಾರದಂಗ ಡಾಂಬರದ್ದೋ ಏನೋ ಒಂದು ಪದರ ಹಾಕ್ತಾರಲ್ರಿ, ಅದು?"

ಸಾಹೇಬರು ಮೊದಲ ಸಲ ಮುಖ ಸಣ್ಣದು ಮಾಡಿಕೊಂಡರು. ಒಳಗಿನಿಂದ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ, ತುಂಬಿದ ಬೋಗುಣಿ ಎತ್ತಿಕೊಳ್ಳುತ್ತ ಬಂದರು.

"ಅದರ ಹೆಸರ ಇನ್ನಾ ಆಗಿಲ್ಲಂತ್ರೀ ಬಾಯಾರ. ಜಲನಿರೋಧಕ ಅನ್ನಬೇಕೋ ನೀರ್ತಡೆ ಅನ್ನಬೇಕೋ ಅಂತ ಇವರ ಸಭಾದಾಗ ಜಗಳ ನಡದೈತಂತ. ನಕಾಶಿದಾಗ ಆ ಜಾಗಾ ಖಾಲಿ ಬಿಟ್ಟಿದ್ರು. ಗೌಂಡಿ ಬಂದ ಕೇಳಿದಾ, ಇಲ್ಲೇನ್ ಹಾಕೂಣ್ರೀ ಅಂತ. ಆಮ್ಯಾಲೆ ತಿಳಸ್ತೀನಿ ಅಂದ್ರು. ಅವಾ ಪಾಪ, ಖಾಲೀ ಬಿಟ್ಟು ಮ್ಯಾಲೆ ಮಣ್ಣ ಹಾಕಿ ಹೋದಾ."

"ಅದು ತಾತ್ಕಾಲಿಕ ಸಮಸ್ಯಾ," ಎಂದರು ಸಾಹೇಬರು. "ಇದಕ್ಕ ಸೋರೂದು ಅನ್ನಬಾರದು. ಇದು ಅಧಃಸ್ರವಣ."

"ಅಹೋ, ಏನರ ಅನ್ರಿ," ಎಂದು ಆಕೆ ಬೋಗುಣಿಯ ನೀರನ್ನು ಅಂಗಳಕ್ಕೆ ಎರಚಿದರು. "ಪರಾತ ಮಂದಿದು. ಸಂಜಿಗಿ ತಿರಗಿ ಕೊಡಬೇಕು."

ಇಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ನಗೆಯ ಮಾತಾಗಿ ಹೇಳಿ ಮುಗಿಸುತ್ತಿದ್ದೆ. ತನ್ನ ಮನೆಯ ಮಾಳಿಗೆ ತಾನು ತೂತು ಮಾಡಿಕೊಂಡವನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ನನಗೆ ಸಿಟ್ಟು ಬಂದದ್ದು ಗಂಗವ್ವನ ಓಣಿಯ ವಿಷಯಕ್ಕೆ. ಅದು ಇನ್ನೂ ಇಳಿದಿಲ್ಲ.

ಗಂಗವ್ವ ಶಹಾಪುರದ ಕಡೆಯ ಒಂದು ಓಣಿಯ ನೇಕಾರ ಹೆಣ್ಣುಮಗಳು. ನಮ್ಮ ಮನೆಗೆ ಸೀರೆ ತಂದು ಕೊಡುತ್ತಿದ್ದಳು, ಹಾಗೆ ಪರಿಚಯ. ಗಂಡ ಇಲ್ಲ. ಇದ್ದದ್ದು ಕುಣಿಮಗ್ಗ ಒಂದೇ. ಮನೆಯೊಳಗೆ ನೆಲ ಅಗೆದು ಕುಣಿ ಮಾಡಿರುತ್ತಾರೆ. ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯಬೇಕು. ಗಂಡ ಸತ್ತ ಮೇಲೆ ಅವನು ಕೂರುತ್ತಿದ್ದ ಜಾಗದಲ್ಲಿ ತಾನೇ ಕೂತು ನೇಯುತ್ತಿದ್ದಳು. ಆ ಮಗ್ಗದ ಬಗ್ಗೆ ಅವಳಿಗಿದ್ದ ಹೆಮ್ಮೆ ಹೇಳತೀರದು. "ಯಾರ ಮನೀ ಬಾಗಲಕ್ಕೂ ಕೆಲಸಾ ಕೇಳಾಕ ಹೋಗಿಲ್ರೀ ಅಕ್ಕಾರ," ಎನ್ನುತ್ತಿದ್ದಳು.

ಆ ಓಣಿ ತಗ್ಗಿನಲ್ಲಿತ್ತು. ಅದರ ನೀರೆಲ್ಲ ಹೊರಗಿನ ದೊಡ್ಡ ರಸ್ತೆಯ ಗಟಾರಕ್ಕೆ ಸೇರಿ ನಾಲಾಕ್ಕೆ ಹೋಗುತ್ತಿತ್ತು. ಸಾಹೇಬರು ಆ ಗಟಾರವನ್ನು ಕಲ್ಲಿನಲ್ಲಿ ಹೊಸದಾಗಿ ಕಟ್ಟಿಸಿದರು. ಅದು ಮಾದರಿ ನಿಸ್ಸರಣಿ. ಬರೀ ವರ್ಷೋದಕಕ್ಕೆ ಮೀಸಲು. ವರ್ಷೋದಕ ಎಂದರೇನು ಎಂದು ಸಭೆಯಲ್ಲಿ ವಾರಗಟ್ಟಲೆ ಚರ್ಚೆಯಾಗಿ ವ್ಯಾಖ್ಯೆ ತಯಾರಾಗಿತ್ತು: ಆಕಾಶದಿಂದ ಬಿದ್ದು, ಬೇರೆ ಯಾವ ನೀರನ್ನೂ ಕೂಡಿಕೊಳ್ಳದೆ ಹರಿಯುವ ನೀರು. ಟೈಪು ಮಾಡಿದವಳು ನಾನೇ. ಬೇರೆ ನೀರು ಕೂಡಿಕೊಂಡರೆ ಅದು ಮಿಶ್ರೋದಕ.

ಗಂಗವ್ವನ ಓಣಿಯವರು ನೂಲಿಗೆ ಬಣ್ಣ ಹಾಕಿ ತೊಳೆಯುತ್ತಿದ್ದರು. ಓಣಿಯಿಂದ ಕೆಂಪು ನೀರು, ಹಸಿರು ನೀರು ಹರಿದುಬಂದು ತಮ್ಮ ಮಾದರಿ ನಿಸ್ಸರಣಿಗೆ ಸೇರುವುದನ್ನು ನೋಡಿ ಸಾಹೇಬರಿಗೆ ಅನ್ನ ಸೇರದಂತಾಯಿತು. ಬೇಸಿಗೆಯಲ್ಲಿ ಗೌಂಡಿಯನ್ನು ಕಳಿಸಿ, ಓಣಿಯ ನೀರು ಹೊರಗೆ ಹೋಗುವ ಬಾಯಿಗೆ ಇಟ್ಟಿಗೆಯ ಗೋಡೆ ಕಟ್ಟಿಸಿಬಿಟ್ಟರು.

ಮಳೆಗಾಲಕ್ಕೆ ಮುಂಚೆ ಗಂಗವ್ವ ಕಚೇರಿಗೆ ಬಂದಳು. ನನ್ನ ಮೇಜಿನ ಎದುರೇ ಅವರ ಕೋಣೆಯ ಬಾಗಿಲು. ಎಲ್ಲ ಕೇಳಿಸುತ್ತಿತ್ತು.

"ಸಾಹೇಬ್ರ, ಗ್ವಾಡಿ ಕಟ್ಟೀರಿ. ಇನ್ನ ನಮ್ಮ ಓಣಿ ಮಳೀನೀರ ಎಲ್ಲಿ ಹೋಗಬೇಕ್ರಿ?"

"ನಿಮ್ಮ ಓಣ್ಯಾಗ ವರ್ಷೋದಕ ಇಲ್ಲವ್ವಾ. ನಿಮ್ಮದು ಮಿಶ್ರೋದಕ."

"ಹಂಗಂದ್ರ ಏನ್ರಿ? ಮಳೀ ನೀರ್ರೀ ಅದು."

"ಬಣ್ಣದ ನೀರ ಕೂಡತೈತಲ್ಲ? ಕೂಡಿದ ಮ್ಯಾಲೆ ಅದು ಮಳೀನೀರ ಅಲ್ಲ."

"ಅಂದ್ರ, ನಮ್ಮ ಓಣ್ಯಾಗ ಮಳಿ ಬೀಳೂದಿಲ್ಲಂತೀರೇನ್ರಿ?"

"ಬೀಳತೈತಿ. ಬಿದ್ದ ಕೂಡ್ಲೆ ಮಿಶ್ರೋದಕ ಆಕ್ಕೈತಿ."

ಗಂಗವ್ವ ಕೈ ಮುಗಿದಳು. "ಮಳ್ಯಾಗ ನಾವ ಬಣ್ಣಾ ಹಾಕೂದ ಬಿಡತೀವ್ರಿ. ಗ್ವಾಡಿ ಮಾತ್ರ ತಗಸ್ರಿ. ಕುಣ್ಯಾಗ ನೀರ ಹೊಕ್ಕರ ಮಗ್ಗ ಹೋಗತೈತ್ರಿ ಸಾಹೇಬ್ರ. ಮಗ್ಗ ಹೋದ್ರ ನಾ ಹೋದಂಗ."

"ಮಿಶ್ರೋದಕಕ್ಕ ಬ್ಯಾರೆ ನಿಸ್ಸರಣಿ ಆಗತೈತಿ. ಅದರ ಹೆಸರ ಮ್ಯಾಲೆ ವಿಚಾರ ನಡದೈತಿ. ಹೋಗಿಬರ್ರಿನ್ನ."

ಸಾಹೇಬರು ಲಂಚ ಮುಟ್ಟಿದವರಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಅದನ್ನು ಎಲ್ಲರೂ ಹೇಳಿದರು, ಖರೇ ಮಾತು. ಲಂಚ ತಿನ್ನುವ ಇಂಜಿನಿಯರ್ ಆಗಿದ್ದರೆ ಓಣಿಯವರು ಕೂಡಿ ಏನಾದರೂ ಕೈಗಿಟ್ಟು ಗೋಡೆ ತೆಗೆಸಿಕೊಳ್ಳುತ್ತಿದ್ದರು. ಇವರ ಮುಂದೆ ಅದೂ ನಡೆಯುವಂತಿರಲಿಲ್ಲ.

ಮುಂದೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂತೆ ಸುರಿಯತೊಡಗಿದಾಗ ಸಾಹೇಬರು ಹಬ್ಬ ಬಂದವರ ಹಾಗೆ ಎದ್ದರು. "ನಡೀರಿ ಬಾಯಾರ, ಮಾದರಿ ನಿಸ್ಸರಣಿ ಹೆಂಗ ಹರೀತೈತಿ ನೋಡೂಣು. ಬರಕೊಳ್ಳಾಕ ಹಾಳಿ ತಗೋರಿ." ಜೀಪಿನಲ್ಲಿ ಹೋದೆವು. ಸಾಹೇಬರು ಛತ್ರಿ ಹಿಡಿದು ದೊಡ್ಡ ರಸ್ತೆಯ ಅಂಚಿಗೆ ನಿಂತರು. ಕಲ್ಲಿನ ಗಟಾರದಲ್ಲಿ ನೀರು ಅರ್ಧಕ್ಕೂ ಬಂದಿರಲಿಲ್ಲ. ತಿಳಿಯಾಗಿ, ಮರ್ಯಾದೆಯಿಂದ ಹರಿಯುತ್ತಿತ್ತು.

"ನೋಡ್ರಿ, ಎಷ್ಟ ಸ್ವಚ್ಛ ಐತಿ! ಇದು ವರ್ಷೋದಕ!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ದೇವರಾಣೆಗೂ ಇತ್ತು.

ಗೋಡೆಯ ಆಚೆಗೆ ಇಡೀ ಓಣಿ ಕೆಂಪು ಕೆರೆಯಾಗಿತ್ತು. ಹೊಸ್ತಿಲುಗಳು ಕಾಣುತ್ತಿರಲಿಲ್ಲ. ಜನ ನೂಲಿನ ಲಡಿಗಳನ್ನು ತಲೆಯ ಮೇಲೆ ಹೊತ್ತು ಕೂಗಾಡುತ್ತಿದ್ದರು. ತೊಡೆಮಟ್ಟದ ನೀರಿನಲ್ಲಿ ಗಂಗವ್ವ ಗೋಡೆಯ ಹತ್ತಿರ ಬಂದಳು.

"ಸಾಹೇಬ್ರ, ಗ್ವಾಡಿ ಒಡಸ್ರಿ! ಕುಣಿ ತುಂಬಾಕತ್ತೈತ್ರಿ!"

"ಒಡದ್ರ ಇಲ್ಲಿ ವರ್ಷೋದಕ ಕೆಡತೈತವ್ವಾ. ಅದಕ್ಕೊಂದು ಆದೇಶ ಆಗಬೇಕು."

ಗಂಗವ್ವ ಅವರ ಮುಖವನ್ನೇ ನೋಡಿದಳು. ತಿರುಗಿ ನೀರು ಸೀಳುತ್ತ ಹೋದಳು. ಕಬ್ಬಿಣದ ಹಾರೆ ಹಿಡಿದು ಬಂದು, ಗೋಡೆಯ ಸಂದಿಗೆ ಚುಚ್ಚಿ ಮೀಟಿದಳು. ನಾಲ್ಕು ಜನ ಕೂಡಿಕೊಂಡರು. ಇಟ್ಟಿಗೆ ಕಳಚುತ್ತಲೇ ಕೆಂಪು ನೀರು ಧೋ ಎಂದು ನುಗ್ಗಿ ಮಾದರಿ ನಿಸ್ಸರಣಿಯನ್ನು ತುಂಬಿತು. ಸಾಹೇಬರ ಬಿಳಿ ಪ್ಯಾಂಟು ಮೊಳಕಾಲಿನವರೆಗೆ ಕೆಂಪಾಯಿತು. ಅವರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು.

ನಾನು ಓಣಿಯೊಳಗೆ ಹೋದೆ. ಗಂಗವ್ವನ ಮನೆಯಲ್ಲಿ ನೀರು ಇಳಿದಿತ್ತು, ಕುಣಿ ಮಾತ್ರ ಅಂಚಿನತನಕ ತುಂಬಿತ್ತು. ಅರ್ಧ ನೇಯ್ದ ಸೀರೆ ಕೆಸರಿನಲ್ಲಿ ಮುಳುಗಿತ್ತು. ಉದ್ದಕ್ಕೆ ಬಿಗಿದ ಹಾಸಿನ ನೂಲು ಗಂಟುಗಂಟಾಗಿ, ಎಳೆ ಬಡಿಯುವ ಹಣಿಗೆ ಕಿತ್ತುಬಂದು, ಮಗ್ಗದ ಕಟ್ಟಿಗೆ ಒಂದು ಕಡೆ ವಾಲಿ ನಿಂತಿತ್ತು. ಅವಳು ಅಳಲಿಲ್ಲ. ಕುಣಿಯ ಅಂಚಿಗೆ ಎಂದಿನ ಜಾಗದಲ್ಲಿ ಕೂತು, ಕಾಲು ಆ ನೀರಿನೊಳಗೇ ಇಳಿಬಿಟ್ಟಳು.

ಹಾಳಾದ ಮಗ್ಗಗಳಿಗೆ ಬದಲಾಗಿ ಸರಕಾರದಿಂದ ಹೊಸ ಮಗ್ಗ ಕೊಡುವ ಮಾತು ಬಂತು. ಮಳೆನೀರು ನುಗ್ಗಿ ಹಾನಿಯಾದ ಮನೆಗಳು ಯಾವುವು ಎಂದು ಮೇಲಿನವರು ನಮ್ಮ ಕಚೇರಿಯನ್ನು ಕೇಳಿದರು. ಸಾಹೇಬರು ನನ್ನನ್ನು ಕರೆದು ಉತ್ತರ ಹೇಳಿ ಬರೆಸಿದರು. ಸದರಿ ಓಣಿಯಲ್ಲಿ ಮನೆಗಳಿಗೆ ನುಗ್ಗಿದ್ದು ವರ್ಷೋದಕವಲ್ಲ, ಮಿಶ್ರೋದಕ. ಆದಕಾರಣ ಮಳೆಯಿಂದ ಹಾನಿಯಾದ ಮನೆಗಳು ಇಲ್ಲ.

ನನ್ನ ಬೆರಳು ನಿಂತವು. "ಸರ್, ಮಳಿ ಬಂದದ್ದಕ್ಕ ಅಲ್ಲೇನ್ರಿ ನೀರ ಹೊಕ್ಕಿದ್ದು? ನೀವೂ ಅಲ್ಲೇ ಇದ್ರಿ."

"ಇದ್ದೆ. ಆದರ ಇವತ್ತ ಹೌದು ಅಂತ ಬರದ್ರ ನಮ್ಮ ವ್ಯಾಖ್ಯಾದ ಗತಿ ಏನ್ ಬಾಯಾರ?" ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಆ ಸಂಕಟ ಕಂಡು ನನಗೆ ಹೇಸಿಗೆಯಾಯಿತು. ಆ ಮೇಲೆ ಅವರ ಕೈಯಿಂದ ಕುಂದಾ ಪ್ರಸಾದವೆಂದು ಕೊಟ್ಟರೂ ನಾನು ಮುಟ್ಟಲಿಲ್ಲ.

ಹೊಸ ಮಗ್ಗ ಆ ಓಣಿಗೆ ಬರಲಿಲ್ಲ. ಗಂಗವ್ವ ಹೊರಗಿನಿಂದ ಕೆಮ್ಮಣ್ಣು ತಂದು ತುಂಬಿ, ಬಡಿದು ದಮ್ಮಸು ಹಾಕಿ ಕುಣಿ ಮುಚ್ಚಿದಳು. ಬೇರೆಯವರ ಪವರ್‌ಲೂಮ್ ಶೆಡ್ಡಿಗೆ ನೂಲಿನ ಕಂಡಿಕೆ ಸುತ್ತಲು ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕರೆ ಮೊದಲಿನಂತೆ ನಿಂತು ಮಾತಾಡುತ್ತಿರಲಿಲ್ಲ. ಹೊತ್ತಾಯಿತು, ಮಾಲಕರು ಬೈಯುತ್ತಾರೆ ಎಂದು ಹೋಗಿಬಿಡುತ್ತಿದ್ದಳು.

ಎಂಬತ್ತರ ದಶಕದ ನಡುವೆ, ಸಾಹೇಬರ ನಿವೃತ್ತಿ ಹತ್ತಿರ ಬಂದಾಗ, ಬೇರೆ ಊರಿನ ಇಂಜಿನಿಯರುಗಳು ಕೆಲವರು ಅವರ ಮಾದರಿ ನಿಸ್ಸರಣಿ ನೋಡಲು ಬಂದರು. ಬರೆದುಕೊಳ್ಳಲು ನಾನೂ ಜೊತೆಗೆ ಹೋಗಿದ್ದೆ. ಗಂಗವ್ವ ಒಡೆದ ಗೋಡೆಯ ಜಾಗಕ್ಕೆ ಸಾಹೇಬರು ಅಷ್ಟರಲ್ಲಿ ಕಲ್ಲಿನ ಚೌಕಟ್ಟು ಕೂಡಿಸಿ 'ಆಪತ್ಕಾಲೀನ ನಿರ್ಗಮ' ಎಂದು ಹೆಸರಿಟ್ಟಿದ್ದರು. ಇಂಥದ್ದು ಈ ಕಡೆ ಇದೇ ಮೊದಲು, ನಮ್ಮದೇ ಕಲ್ಪನೆ ಎಂದು ಬಂದವರಿಗೆ ವಿವರಿಸುತ್ತಿದ್ದಾಗ ಮಳೆ ಶುರುವಾಯಿತು. ಎಲ್ಲರೂ ಓಡಿ ಎದುರಿಗೆ ತೆರೆದಿದ್ದ ಮನೆಗೆ ನುಗ್ಗಿದೆವು. ಅದು ಗಂಗವ್ವನ ಮನೆ. ಶೆಡ್ಡಿಗೆ ಸೂಟಿಯ ದಿನ, ಅವಳು ಇದ್ದಳು. ಬಂದವರನ್ನು ಹೋಗಿರೆನ್ನುವುದು ನಮ್ಮ ಕಡೆಯವರಿಗೆ ಬಾರದು. ಇದ್ದ ಒಂದೇ ಕುರ್ಚಿಯನ್ನು ಸಾಹೇಬರಿಗೆ ಹಾಕಿ, ಉಳಿದವರಿಗೆ ಜಮಖಾನೆ ಹಾಸಿ, ಚಹಾ ಕಾಸಿ ಕೊಟ್ಟಳು.

ಸಾಹೇಬರು ಅವಳನ್ನು ಗುರುತಿಸಲಿಲ್ಲ. ಚಹಾ ಹೀರುತ್ತ ಸುತ್ತ ನೋಡಿದರು.

"ನೇಕಾರರ ಓಣಿ ಅಂತಾರ, ಮಗ್ಗನ ಕಾಣವಲ್ದಲ್ಲವ್ವಾ. ನಿಮ್ಮ ಮನ್ಯಾಗ ಮಗ್ಗ ಇಲ್ಲೇನು?"

"ಇತ್ರಿ. ನೀವು ಕುಂತೀರಲ್ಲ, ಅಲ್ಲೇ ಇತ್ರಿ. ನೀರ ಹೊಕ್ಕು ಹೋತು. ಕುಣಿ ಮುಚ್ಚಿದೆ."

ಸಾಹೇಬರು ಬಗ್ಗಿ ನೆಲ ನೋಡಿದರು. ಅವರು ನೆಲ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೂಟಿನ ಹಿಮ್ಮಡಿಯಿಂದ ಅಲ್ಲಿಲ್ಲಿ ಕುಟ್ಟಿ ಪರೀಕ್ಷೆ ಮಾಡಿದರು. ಆಮೇಲೆ ಬಂದವರ ಕಡೆ ತಿರುಗಿ ಹೇಳಿದರು:

"ನೋಡ್ರಿ, ದಮ್ಮಸು ಎಷ್ಟ ಚಲೋ ಹಾಕ್ಯಾರ. ಎಲ್ಲೂ ಕುಸಿದಿಲ್ಲ."

ಗಂಗವ್ವ ಬಂದು, ಅವರು ಅರ್ಧ ಕುಡಿದಿದ್ದ ಕಪ್ಪನ್ನು ಕೈಯಿಂದ ತೆಗೆದುಕೊಂಡಳು.

"ಮಳಿ ನಿಂತೈತ್ರಿ. ಏಳ್ರಿನ್ನ," ಎಂದಳು.

ಹೊರಗೆ ಮಳೆ ಧೋ ಎಂದು ಸುರಿಯುತ್ತಲೇ ಇತ್ತು.